ಕಂಟ್ರೋಲರ್ ಮಚ್ಛೇಂದ್ರರ ಊಟ

ಭಾಲ್ಕಿಯ ಬಸ್ ನಿಲ್ದಾಣಕ್ಕೆ ಹೋದವರಿಗೆ ಮಚ್ಛೇಂದ್ರರ ಮುಖಕ್ಕಿಂತ ಮೊದಲು ಅವರ ದನಿಯ ಪರಿಚಯವಾಗುತ್ತಿತ್ತು. ಕಂಡಕ್ಟರಾಗಿ ಸೇರಿ, ಮೊಣಕಾಲು ನೋವು ಶುರುವಾದ ಮೇಲೆ ಕಂಟ್ರೋಲರ್ ಕೋಣೆಗೆ ಬಂದು ಕೂತವರು. ಬಸ್ಸು ಬಂದ ಹೊತ್ತು, ಬಿಟ್ಟ ಹೊತ್ತು ಬರೆದುಕೊಳ್ಳುವುದು, ಮೈಕಿನಲ್ಲಿ ಕೂಗುವುದು, ದಾರಿ ತಪ್ಪಿ ಬಂದ ಮುದುಕಿಯನ್ನು ಸರಿಯಾದ ಬಸ್ಸಿಗೆ ಹತ್ತಿಸುವುದು ಅವರ ಕೆಲಸ. ಮೈಕ್ ಹಾಳಾದ ದಿನವೂ ಅವರ ದನಿ ಹೊರಗಿನ ಚಹಾ ಹೋಟೆಲಿನವರೆಗೆ ಕೇಳುತ್ತಿತ್ತು.

ಬುದ್ಧ ವಿಹಾರದಲ್ಲಿ ಊಟವಿರಲಿ, ಓಣಿಯಲ್ಲಿ ಮದುವೆಯಿರಲಿ, ಬಡಿಸುವ ಸಾಲಿನಲ್ಲಿ ಅವರೇ ಮುಂದೆ. ಟೊಂಕಕ್ಕೆ ಟವೆಲ್ ಬಿಗಿದುಕೊಂಡು, ಸಾರಿನ ಬಕೀಟು ಹಿಡಿದು, "ಇನ್ನೊಂದಿಷ್ಟು ಹಾಕ್ಲಿ? ನಾಚ್ಕೋಬ್ಯಾಡ್ರಿ" ಎಂದು ಎಲ್ಲರನ್ನೂ ಒತ್ತಾಯ ಮಾಡುತ್ತಿದ್ದರು. ಕಡೆಯ ಪಂಕ್ತಿ ಎದ್ದ ಮೇಲೆ ಯಾರಾದರೂ "ನೀವೂ ಕುಂದರ್‍ರಿ" ಎಂದರೆ, "ನಂದು ಆಗ್ಯಾದ" ಅನ್ನುವರು. ಎಂಥ ದೊಡ್ಡ ಮನಸ್ಸು ಅಂತ ಜನ ಹೊಗಳುತ್ತಿದ್ದರು. ಆ ಮನುಷ್ಯ ಒಂದು ತುತ್ತು ಬಾಯಿಗೆ ಹಾಕಿದ್ದನ್ನು ತಾವ್ಯಾರೂ ಕಂಡಿಲ್ಲ ಎಂಬುದು ಯಾರ ಗಮನಕ್ಕೂ ಬಂದಿರಲಿಲ್ಲ.

ಗೊತ್ತಿದ್ದವರು ಇಬ್ಬರೇ. ಒಬ್ಬರು ಹೆಂಡತಿ ರುಕ್ಮಿಣಿಬಾಯಿ. ಮದುವೆಯಾಗಿ ಬಂದ ಹೊಸದರಲ್ಲಿ ತಾಟು ಇಟ್ಟು ಎದುರಿಗೆ ಕೂತಾಗ ಗಂಡ ರೊಟ್ಟಿ ಮುರಿದು ಹಾಗೇ ಹಿಡಿದುಕೊಂಡು ಕೂತದ್ದನ್ನು ಕಂಡು, ಹೊಸದು, ನಾಚಿಕೆ ಅಂದುಕೊಂಡಿದ್ದರು. ಆಮೇಲೆ ತನ್ನ ಕೈಯಡುಗೆ ಹಿಡಿಸಿಲ್ಲ ಅಂದುಕೊಂಡರು. ಕೊನೆಗೆ ಒಳಕೋಣೆಯಲ್ಲಿ ತಾಟು ಇಟ್ಟು ಬಾಗಿಲು ಮುಂದೆ ಮಾಡಿ ಬರುವುದೇ ರೂಢಿಯಾಯಿತು. ಇನ್ನೊಬ್ಬ ಹುಸೇನ. ವರ್ಷಾನುಗಟ್ಟಲೆ ಒಂದೇ ಬಸ್ಸಿನಲ್ಲಿ ಇವರು ಕಂಡಕ್ಟರ್, ಅವನು ಡ್ರೈವರ್. ಡಾಬಾದಲ್ಲಿ ಬಸ್ಸು ನಿಂತಾಗಲೆಲ್ಲ ಇವರು ಹಿಂದಿನ ಸೀಟಿಗೆ ಹೋಗಿ ಚೀಲದ ದುಡ್ಡು ಎಣಿಸುತ್ತ ಕೂರುವುದನ್ನು ಅವನು ನೋಡಿದ್ದ. ಕೇಳಿರಲಿಲ್ಲ.

ಯಾರೂ ನೋಡದ ಕಡೆ ನಡೆಯುತ್ತಿದ್ದುದು ಬೇರೆಯೇ. ಬೆಳಗಿನಿಂದ ಬರೀ ಚಹಾದ ಮೇಲೆ ಇದ್ದು, ಮಧ್ಯಾಹ್ನ ಡಿಪೋದ ಹಳೆ ಟೈರಿನ ಕೋಣೆಗೆ ಹೋಗಿ ಚಿಲಕ ಹಾಕಿ, ನಿಂತುಕೊಂಡೇ ಡಬ್ಬಿಯಲ್ಲಿದ್ದುದನ್ನೆಲ್ಲ ತುರುಕಿಕೊಳ್ಳುತ್ತಿದ್ದರು. ರುಚಿ ಗೊತ್ತಾಗುತ್ತಿರಲಿಲ್ಲ. ಡಬ್ಬಿ ಮುಗಿದರೆ ಹೊರಗಿನಿಂದ ಕಟ್ಟಿಸಿಕೊಂಡು ತಂದ ಭಜಿ, ಬ್ರೆಡ್ಡು. ಹೊಟ್ಟೆ ಬಿರಿಯುವ ಹಾಗಾದಾಗ ಹೆದರಿಕೆ ಬರುತ್ತಿತ್ತು. ಆಗ ಗೋಡೆಯಾಚೆಗೆ ಹೋಗಿ ಗಂಟಲಿಗೆ ಬೆರಳು ಹಾಕುತ್ತಿದ್ದರು. ಮುಖ ತೊಳೆದು, ಎಲೆಯಡಿಕೆ ಹಾಕಿಕೊಂಡು, ಮತ್ತೆ ಮೈಕಿನ ಮುಂದೆ. ಇದು ದಿನಾ ಇರುತ್ತಿರಲಿಲ್ಲ. ಮಗಳು ಹುಟ್ಟಿದ ಮೇಲೆ ಒಂದಷ್ಟು ವರ್ಷ ಪೂರ್ತಿ ನಿಂತೂ ಹೋಗಿತ್ತು.

ಎರಡು ಸಾವಿರದ ಹದಿನೈದರಲ್ಲಿ ಮಳೆ ಕೈಕೊಟ್ಟಿತು. ಅದರ ಹಿಂದಿನ ವರ್ಷವೂ ಅಷ್ಟಕ್ಕಷ್ಟೇ. ದೀಪಾವಳಿ ಮುಗಿಯುತ್ತಲೇ ಬಸ್ ನಿಲ್ದಾಣ ತುಂಬತೊಡಗಿತು. ಔರಾದ ಕಡೆಯ ಹಳ್ಳಿಗಳಿಂದ ಬಂದವರು ಗಂಟು, ಕೊಡ, ಕೋಳಿ ಸಮೇತ ಇಳಿದು ಹೈದರಾಬಾದಿನ ಬಸ್ಸಿಗೆ, ಪುಣೆಯ ಬಸ್ಸಿಗೆ ಕಾಯುತ್ತಿದ್ದರು. ಬಿಡಲು ಬಂದ ಅಜ್ಜಿಯರ ಕೈಯಲ್ಲಿ ಮಕ್ಕಳು ಉಳಿಯುತ್ತಿದ್ದವು. ಬಸ್ಸು ಹೊರಟಾಗ ಆ ಮಕ್ಕಳು ಅಳುವುದನ್ನು ಮಚ್ಛೇಂದ್ರ ಕಿಟಕಿಯಿಂದ ನೋಡುತ್ತಿದ್ದರು. ಆ ಚಳಿಗಾಲದಲ್ಲಿ ಟೈರಿನ ಕೋಣೆಯ ಚಿಲಕ ದಿನಾ ಬೀಳತೊಡಗಿತು.

ಬೇಸಿಗೆ ಶುರುವಾಗುವ ಹೊತ್ತಿಗೆ ಅಂಗಿಯ ಕಾಲರು ದೊಡ್ಡದಾಗಿ ಕಾಣುತ್ತಿತ್ತು. ಒಂದು ದಿನ ಬೀದರ ಬಸ್ಸಿನ ಹೆಸರು ಕೂಗುತ್ತ ಕೂಗುತ್ತ ಅವರ ದನಿ ನಡುವೆಯೇ ನಿಂತಿತು. ಮೈಕಿನಲ್ಲಿ ದೊಪ್ಪೆಂದು ಬಿದ್ದ ಸದ್ದು ಇಡೀ ನಿಲ್ದಾಣಕ್ಕೆ ಕೇಳಿತು. ಹುಸೇನ ಓಡಿ ಬಂದು, ಆಟೋದಲ್ಲಿ ಹಾಕಿಕೊಂಡು ದವಾಖಾನೆಗೆ ಒಯ್ದ.

ಅಲ್ಲಿದ್ದ ಡಾಕ್ಟರು ಚಿಕ್ಕ ವಯಸ್ಸಿನವರು. ರಕ್ತ ಪರೀಕ್ಷೆ ಮಾಡಿಸಿ, ಪೊಟ್ಯಾಸಿಯಂ ತೀರ ಇಳಿದಿದೆ, ಅದಕ್ಕೇ ಎದೆಬಡಿತ ತಪ್ಪಿದೆ ಎಂದು ಸಲಾಯಿನ್ ಹಚ್ಚಿದರು. ಮಚ್ಛೇಂದ್ರರ ಬಾಯಿ ತೆರೆಸಿ ಸವೆದ ಹಲ್ಲು ನೋಡಿದರು. ಬಲಗೈಯ ಬೆರಳಗೆಣ್ಣಿನ ಮೇಲಿದ್ದ ಹಳೆಯ ಗಾಯದ ಕಲೆ ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು.

"ಊಟ ಆದ ಮ್ಯಾಲ ವಾಂತಿ ತಾನೇ ಆಗ್ತದೋ, ನೀವೇ ಮಾಡ್ಕೋತೀರೋ?"

ಯಾರೂ ಹೇಳದೆಯೇ ಹುಸೇನ ಎದ್ದು ಹೊರಗೆ ಹೋದ. ಮಚ್ಛೇಂದ್ರ ಗೋಡೆ ಕಡೆ ಮುಖ ಮಾಡಿ, "ನಾನೇ ಮಾಡ್ಕೋತೀನ್ರಿ" ಅಂದರು. ಈ ಮಾತು ಅವರ ಬಾಯಿಂದ ಬಂದದ್ದು ಅದೇ ಮೊದಲು.

"ಇದು ಬೇಮಾರಿ ಅದರಿ, ತಪ್ಪಲ್ಲ. ಇದಕ್ಕ ಇಲಾಜ್ ಅದ. ಗುಳಗಿ ನಾ ಕೊಡ್ತೇನಿ. ಆದ್ರ ಬೀದರಿಗೆ ಹೋಗಿ ಕುಬರಾ ಮೇಡಂ ಮುಂದ ಕೂತು ಮಾತಾಡ್ರಿ."

ಕುಬರಾ ಬೀದರಿನ ಹಳೇ ಊರಿನವಳು. ಮನೆಯಲ್ಲಿ ದಖ್ಖನಿ ಉರ್ದು, ಹೊರಗೆ ಕನ್ನಡ. ಮನಃಶಾಸ್ತ್ರ ಓದಿ, ಆಪ್ತಸಮಾಲೋಚಕಿಯಾಗಿ ನೌಬಾದದ ಒಂದು ಚಿಕ್ಕ ಕ್ಲಿನಿಕ್ಕಿನಲ್ಲಿ ಕೂರುತ್ತಿದ್ದಳು. ಕೋಣೆಯಲ್ಲಿ ಎರಡು ಕುರ್ಚಿ, ಒಂದು ಮೇಜು, ಕೂಲರು. ಮೊದಲ ದಿನ ಒಳಗೆ ಬಂದ ಮಚ್ಛೇಂದ್ರರನ್ನು ಅವಳು ಎದ್ದು ನಿಂತು ಬರಮಾಡಿಕೊಂಡಳು.

"ಬರ್‍ರಿ ಕಾಕಾ, ಕುಂದರ್‍ರಿ. ಬಿಸಲಾಗ ಬಂದೀರಿ."

ಅವರು ಕೂರಲಿಲ್ಲ. ಕುರ್ಚಿಯ ಬೆನ್ನು ಹಿಡಿದು ನಿಂತರು. "ಮೇಡಂ, ಏನರ ಅನ್ರಿ. ಕಾಕಾ ಅಂತ ಮಾತ್ರ ಅನಬ್ಯಾಡ್ರಿ."

ಯಾಕೆಂದು ಅವಳು ಕೇಳಲಿಲ್ಲ. "ಮಾಮಾ ಅಂದ್ರ ನಡೀತದೇನ್ರಿ?"

"ನಡೀತದ."

ಅವತ್ತು ಊಟದ ಮಾತೇ ಬರಲಿಲ್ಲ. ಯಾವ ಬಸ್ಸು ಎಷ್ಟಕ್ಕೆ, ಎಕಂಬಾಕ್ಕೆ ಹೋಗುವ ರಸ್ತೆ ಹೇಗಿದೆ, ಕಂಡಕ್ಟರಿಕೆಗೂ ಕಂಟ್ರೋಲರಿಕೆಗೂ ಏನು ಫರಕು, ಇಷ್ಟೇ. ಏಳುವಾಗ ಅವಳು ಹೇಳಿದಳು: "ಈ ಕೋಣಿದಾಗ ನೀವು ಹೇಳಿದ್ದು ಹೊರಗ ಹೋಗಂಗಿಲ್ಲ. ಹೇಳದಿದ್ರೂ ನಡೀತದ. ಮುಂದಿನ ಗುರುವಾರ ನಾ ಇಲ್ಲೇ ಇರ್ತೇನಿ."

ಮುಂದಿನ ಗುರುವಾರ ಅವರು ಬಂದರು. ಅದರ ಮುಂದಿನ ಗುರುವಾರವೂ. ಪ್ರತಿ ಸಲ ಅವಳು ಅಲ್ಲೇ ಇದ್ದಳು. ಹಿಂದಿನ ವಾರ ಆಡಿದ ಮಾತು ಅವಳಿಗೆ ನೆನಪಿರುತ್ತಿತ್ತು. ಅವರು ವಾಂತಿಯ ಸಂಗತಿ ಹೇಳಿದಾಗ ಅವಳು ಮುಖ ಕಿವುಚಲಿಲ್ಲ. ಇದು ಮಚ್ಛೇಂದ್ರರಿಗೆ ವಿಚಿತ್ರವೆನಿಸಿತು. ನಿವೃತ್ತರಾದ ಮೇಲೆ ನನಗೆ ಈ ಕತೆ ಹೇಳುವಾಗಲೂ ಅವರು ಆ ಮಾತಿಗೇ ಮತ್ತೆ ಮತ್ತೆ ಬಂದರು: "ಆಕಿ ಮಾರಿ ನಾ ದಿಟ್ಟಿಸಿ ನೋಡ್ತಿದ್ದೆರಿ. ಎಲ್ಲ್ಯರ ಹೇಸಿಗಿ ಕಾಣ್ತದೇನಂತ. ಕಾಣ್ಲೇ ಇಲ್ಲ."

ಒಂದು ಗುರುವಾರ ಅವರು ತಾವಾಗಿಯೇ ನರಸಿಂಗ ಕಾಕಾನ ಹೆಸರು ಎತ್ತಿದರು.

ಮಚ್ಛೇಂದ್ರರ ಊರು ಎಕಂಬಾ. ಎಪ್ಪತ್ತೆರಡರ ಬರಗಾಲದಲ್ಲಿ ಅವರಿಗೆ ಒಂಬತ್ತು ವರ್ಷ. ಬಾವಿಯಲ್ಲಿ ನೀರಿಲ್ಲ, ಹೊಲದಲ್ಲಿ ಕೆಲಸವಿಲ್ಲ. ಅಪ್ಪ ಅವ್ವ ಮುಂಬಯಿಗೆ ಕಲ್ಲು ಒಡೆಯಲು ಹೊರಟರು. ಹುಡುಗ ಸಾಲೆಯಲ್ಲಿ ಜಾಣ, ಓದು ನಿಲ್ಲಬಾರದು ಎಂದು ಅಪ್ಪನ ದಾಯಾದಿ ತಮ್ಮ ನರಸಿಂಗನ ಮನೆಯಲ್ಲಿ, ಭಾಲ್ಕಿಯಲ್ಲಿ ಬಿಟ್ಟರು. ನರಸಿಂಗನಿಗೂ ಮಕ್ಕಳಿದ್ದವು. ರೇಷನ್ನಿನ ಕೆಂಪು ಜೋಳವೇ ಎಲ್ಲರಿಗೂ ಗತಿ.

ಊಟದ ಹೊತ್ತಿಗೆ ನರಸಿಂಗ ಈ ಹುಡುಗನನ್ನು ನಡುವೆ ಕೂರಿಸುತ್ತಿದ್ದ. ತನ್ನ ಮಕ್ಕಳನ್ನು ಸುತ್ತಲೂ ಕೂರಿಸಿ, "ನೋಡ್ರಿ, ಸರಿ ನೋಡ್ರಿ. ನಿಮ್ಮ ಪಾಲಿಂದು ಇವ ಹ್ಯಾಂಗ ತಿನ್ಲಕತ್ತಾನ" ಅನ್ನುತ್ತಿದ್ದ. ಮಕ್ಕಳು ನೋಡುತ್ತಿದ್ದವು. ಹಸಿದ ಮಕ್ಕಳ ಕಣ್ಣು. ಹುಡುಗನಿಗೆ ಗಂಟಲು ಕಟ್ಟಿ, ತುತ್ತು ಕೆಳಗಿಳಿಯದೆ, ರೊಟ್ಟಿ ಹಾಗೇ ಉಳಿಯುತ್ತಿತ್ತು. ಉಳಿದದ್ದನ್ನು ನರಸಿಂಗ ಎತ್ತಿ ತನ್ನ ಮಕ್ಕಳಿಗೆ ಹಂಚುತ್ತಿದ್ದ.

ನರಸಿಂಗನ ಹೆಂಡತಿ, ಕಾಕು, ಕೆಟ್ಟವಳಲ್ಲ. ಗಂಡ ಹೊರಗೆ ಹೋದಾಗ ಹುಡುಗನನ್ನು ಜೋಳದ ಕೋಣೆಗೆ ತಳ್ಳಿ, ಸೆರಗಿನೊಳಗಿಂದ ರೊಟ್ಟಿ ತೆಗೆದುಕೊಟ್ಟು, "ಬಾಗಿಲಾ ಹಾಕ್ಕೋ. ಲಗೂ ಲಗೂ ತಿನ್ನು. ಯಾರೂ ನೋಡಬಾರದು" ಅನ್ನುತ್ತಿದ್ದಳು. ಆ ಕತ್ತಲೆಯಲ್ಲಿ ನಿಂತು ನುಂಗಿದ ರೊಟ್ಟಿಯಿಂದಲೇ ಅವನು ಜೀವ ಹಿಡಿದದ್ದು. ಒಂದು ಮಧ್ಯಾಹ್ನ ನರಸಿಂಗ ಬೇಗ ಬಂದುಬಿಟ್ಟ. ಬಾಗಿಲು ಒದ್ದು, ಬಾಯಿ ತುಂಬಿಕೊಂಡಿದ್ದ ಹುಡುಗನನ್ನು ಅಂಗಳಕ್ಕೆ ಎಳೆದು ತಂದ. "ಕಕ್ಕು ಹೊರಗ" ಎಂದು ಅವನ ಗಂಟಲೊಳಗೆ ತನ್ನ ಬೆರಳು ಹಾಕಿದ. ಓಣಿಯ ಜನ ನಿಂತು ನೋಡಿದರು.

ಮಳೆಯಾದ ಮೇಲೆ ಅಪ್ಪ ಅವ್ವ ಬಂದು ಕರೆದೊಯ್ದರು. ಹುಡುಗ ಏನೂ ಹೇಳಲಿಲ್ಲ. ಅವ್ವ ತಾಟು ಇಟ್ಟು ಎದುರಿಗೆ ಕೂತರೆ ಉಣ್ಣುತ್ತಿರಲಿಲ್ಲ. ಬಿಟ್ಟು ಹೋದದ್ದಕ್ಕೆ ಸಿಟ್ಟು ಎಂದು ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಹೊರಗೆ ಹೋಗುತ್ತಿದ್ದಳು. ಆಗ ಉಣ್ಣುತ್ತಿದ್ದ.

ಇಷ್ಟನ್ನು ಹೇಳಿ ಮುಗಿಸಿದಾಗ ಮಚ್ಛೇಂದ್ರರ ಅಂಗಿ ಬೆವರಿಗೆ ಬೆನ್ನಿಗೆ ಅಂಟಿಕೊಂಡಿತ್ತು. ಕುಬರಾ ಹೇಳಿದಳು:

"ಮಾಮಾ, ಆ ಹುಡುಗ ಕಳ್ಳ ಅಲ್ಲರಿ. ಅವ ಹಸದಿದ್ದ."

ಅವರು ಮುಖ ಮುಚ್ಚಿಕೊಂಡು ಅತ್ತರು. ಮುಗಿಯುವ ತನಕ ಅವಳು ಗಡಿಯಾರ ನೋಡಲಿಲ್ಲ.

ಇಲ್ಲಿಗೆ ಎಲ್ಲ ಸರಿಹೋಯಿತು ಅಂದುಕೊಳ್ಳಬೇಕು. ಆದರೆ ಮುಂದಿನ ವಾರವೇ ಕುಬರಾ ಎಡವಿದಳು. ಮನೆಯವರ ಸಹಾಯ ಬೇಕು ಎಂದುಕೊಂಡು, ಮಚ್ಛೇಂದ್ರರನ್ನು ಕೇಳದೆ ರುಕ್ಮಿಣಿಬಾಯಿಗೆ ಫೋನ್ ಮಾಡಿ, ಊಟ ಕಟ್ಟಿಕೊಂಡು ಬರಲು ಹೇಳಿದಳು. ಮೂವರೂ ಕೂಡಿ ಕೂತು ಒಂದೊಂದು ತುತ್ತು ತಿಂದರೆ ಧೈರ್ಯ ಬಂದೀತು ಎಂಬ ಲೆಕ್ಕ. ಮಚ್ಛೇಂದ್ರ ಬಾಗಿಲು ತೆರೆದರೆ ಮೇಜಿನ ಮೇಲೆ ತಾಟು, ಆಕಡೆ ಈಕಡೆ ಇಬ್ಬರು ಹೆಂಗಸರು, ನಡುವೆ ತಮ್ಮ ಕುರ್ಚಿ. ಅವರು ನಿಂತಲ್ಲಿಂದಲೇ ತಿರುಗಿ, ನೌಬಾದದ ರಸ್ತೆಯಲ್ಲಿ ಉರಿಬಿಸಿಲಿನಲ್ಲಿ ನಡೆದುಹೋದರು.

ಮುಂದಿನ ಗುರುವಾರ ಬರಲಿಲ್ಲ. ಅದರ ಮುಂದಿನದಕ್ಕೂ ಬರಲಿಲ್ಲ. ಟೈರಿನ ಕೋಣೆಯ ಚಿಲಕ ಮತ್ತೆ ಬಿತ್ತು.

ಆಗ ಕಂಟ್ರೋಲರ್ ಕೋಣೆಯ ಫೋನು ರಿಂಗಾಯಿತು.

"ಮಾಮಾ, ನಾ ಕುಬರಾ. ಬರ್‍ರಿ ಅಂತ ಹೇಳ್ಲಿಕ್ಕ ಮಾಡಿಲ್ಲ. ನಂದು ತಪ್ಪಾತು ಅಂತ ಹೇಳ್ಲಿಕ್ಕ ಮಾಡೀನಿ."

ಅವರು ರಿಸೀವರನ್ನು ಇನ್ನೊಂದು ಕಿವಿಗೆ ಹಿಡಿದರು.

"ನಿಮಗ ಕೇಳದೇ ಮಾಡ್ದೆ. ನಡುವ ಕೂಡ್ಸಿ ಎಲ್ಲರೂ ನೋಡೋ ಹಂಗ ಮಾಡ್ದೆ. ನಿಮ್ಮ ಕತಿ ಕೇಳಿನೂ ಹಂಗ ಮಾಡ್ದೆ. ಮಾಫಿ ಇರ್ಲಿ."

"ಇರ್ಲಿ ಬಿಡ್ರಿ ಮೇಡಂ..."

"ಇರ್ಲಿ ಬಿಡ್ರಿ ಅನಬ್ಯಾಡ್ರಿ. ಸಿಟ್ಟ ಬಂದಿದ್ರ ಸಿಟ್ಟ ಬಂದದ ಅನ್ರಿ."

ಹೊರಗೆ ಹೈದರಾಬಾದ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಮಚ್ಛೇಂದ್ರ ರಿಸೀವರ್ ಬಿಗಿಯಾಗಿ ಹಿಡಿದು, "ಬಂದದರಿ. ಭಾಳ ಬಂದದ" ಅಂದರು. ತಮಗಿಂತ ಕಲಿತವರೊಬ್ಬರ ಎದುರು ಹೀಗೆ ಅಂದದ್ದು, ಅಂದ ಮೇಲೂ ಆ ಕಡೆಯಿಂದ ಫೋನು ಕುಕ್ಕದೆ ಇದ್ದದ್ದು ಅವರಿಗೆ ಹೊಸದು. ದೊಡ್ಡವರು ತಪ್ಪಾಯಿತು ಅಂದದ್ದನ್ನು ಅವರು ಆವರೆಗೆ ಕೇಳಿರಲಿಲ್ಲ. ವಯಸ್ಸಿನಲ್ಲಿ ಕುಬರಾ ಮಗಳಂಥವಳು, ಆದರೆ ಆ ಕೋಣೆಯಲ್ಲಿ ದೊಡ್ಡವಳು ಅವಳೇ.

ಗುರುವಾರ ಹೋದರು. ಅಂದಿನಿಂದ ಏನು ಮಾಡಬೇಕು, ಯಾವಾಗ ಮಾಡಬೇಕು ಎಂಬುದನ್ನು ಇಬ್ಬರೂ ಮಾತಾಡಿಯೇ ಠರಾಯಿಸುತ್ತಿದ್ದರು. ಮೊದಲು ಚಹಾ. ಆಮೇಲೆ ಚಹಾದ ಜೊತೆ ಒಂದು ಬಿಸ್ಕೀಟು, ಅವಳು ಕಿಟಕಿ ಕಡೆ ಮುಖ ಮಾಡಿ ಕೂತಾಗ. ಮನೆಯಲ್ಲಿ ಹೊತ್ತು ಹೊತ್ತಿಗೆ ಒಂದಿಷ್ಟು ತಿನ್ನುವುದು, ಹಸಿವು ಕಟ್ಟಿಕೊಂಡು ಮಧ್ಯಾಹ್ನದ ತನಕ ಇರದಿರುವುದು. ತಿಂದ ಮೇಲೆ ಅರ್ಧ ಗಂಟೆ ಯಾರಾದರೊಬ್ಬರ ಜೊತೆ ಮಾತಾಡುತ್ತ ಕೂರುವುದು. ಆ ಅರ್ಧ ಗಂಟೆಗೆ ಹುಸೇನ ಒಪ್ಪಿಕೊಂಡ. ಅವನು ಹೇಳುತ್ತಿದ್ದ ಡ್ರೈವರಗಿರಿಯ ಪ್ರಸಂಗಗಳಲ್ಲಿ ಅರ್ಧ ಸುಳ್ಳು. ಆದರೆ ಮಚ್ಛೇಂದ್ರ ಎದ್ದು ಹೋಗುವ ಹಾಗಿರಲಿಲ್ಲ.

ಜೂನ್ ತಿಂಗಳಲ್ಲಿ ರಮಜಾನ್ ಬಂತು. ಮಳೆ ಇನ್ನೂ ಬಂದಿರಲಿಲ್ಲ. ಟ್ಯಾಂಕರಿನ ಹಿಂದೆ ಕೊಡಗಳ ಸಾಲು. ಆ ಗುರುವಾರ ಡಬ್ಬಿ ತಂದು ಕುಬರಾಳ ಎದುರಿಗೇ ಉಣ್ಣುವುದು ಎಂದು ಮಾತಾಗಿತ್ತು. ಮಚ್ಛೇಂದ್ರ ಡಬ್ಬಿ ಬಿಚ್ಚಿದರು. ಜೋಳದ ರೊಟ್ಟಿ, ಶೇಂಗಾ ಹಿಂಡಿ ಎನ್ನುವ ಚಟ್ನಿಪುಡಿ. ಮುರಿಯುವಾಗ ಅವಳ ಒಣಗಿದ ತುಟಿ ಕಂಡಿತು. ಮೇಜಿನ ಮೇಲೆ ಎಂದಿನ ನೀರಿನ ಗ್ಲಾಸು ಇರಲಿಲ್ಲ.

"ಮೇಡಂ, ರೋಜಾ ಅದೇನ್ರಿ?"

"ಹೌದ್ರಿ ಮಾಮಾ."

ಅವರು ಡಬ್ಬಿ ಮುಚ್ಚಿದರು. "ಆಗಂಗಿಲ್ಲರಿ. ನೀವು ಉಪಾಸ ಕೂತಿರ್ತೀರಿ, ನಾ ಹ್ಯಾಂಗ ತಿನ್ಲಿ? ಬರೋ ತಿಂಗಳ ನೋಡೋಣ."

ಕುಬರಾ ಸ್ವಲ್ಪ ಯೋಚಿಸಿದಳು. ಈ ಸಲ ಅವಸರ ಮಾಡಲಿಲ್ಲ. "ಬರೋ ತಿಂಗಳಾನೂ ನಡೀತದ. ಒಂದು ಕೇಳ್ಲಿ? ನನ್ನ ಹಸಿವು ನಿಮ್ಮ ರೊಟ್ಟಿಯಿಂದ ಬಂದದೇನ್ರಿ?"

ಅವರು ಮುಚ್ಚಿದ ಡಬ್ಬಿಯ ಮೇಲೆ ಕೈ ಇಟ್ಟುಕೊಂಡರು.

"ರೋಜಾ ನಾ ನನ್ನ ಮನಸಿಲೆ ಹಿಡದೀನಿ. ನೀವು ತಿಂದ್ರೂ ನಾ ಸಂಜಿಗಿ ಉಣ್ತೇನಿ. ನೀವು ತಿನ್ನದಿದ್ರೂ ಸಂಜಿಗೇ ಉಣ್ತೇನಿ. ನನ್ನ ಪಾಲು ನಮ್ಮ ಮನ್ಯಾಗ ಅದ ಮಾಮಾ. ನೀವು ಅದರಾಗಿಂದ ತಿನ್ಲಕತ್ತಿಲ್ಲ."

ಮಚ್ಛೇಂದ್ರ ಡಬ್ಬಿಯ ಮುಚ್ಚಳ ತೆಗೆದರು.

"ನಾ ಕಿಟಕಿ ಕಡಿ ನೋಡ್ಲೇನ್ರಿ?"

"ಬ್ಯಾಡ್ರಿ. ನನ್ನ ಕಡಿನೇ ನೋಡ್ರಿ."

ರೊಟ್ಟಿ ಮುರಿದು, ಹಿಂಡಿ ಹಚ್ಚಿ, ಬಾಯಿಗಿಟ್ಟು ಅಗಿದರು. ಅಗಿಯುತ್ತಲೇ ಇದ್ದರು. ಹಸಿದವಳೊಬ್ಬಳು ಎದುರಿಗೆ ಕೂತು ನೋಡುತ್ತಿದ್ದಳು. ಆ ಕಣ್ಣಲ್ಲಿ ಆಸೆಯಿರಲಿಲ್ಲ, ಸಿಟ್ಟಿರಲಿಲ್ಲ. ತುತ್ತು ಇಳಿಯಿತು. ಇನ್ನೊಂದು ಮುರಿದರು.

ಅವಳು ಶಾಬಾಶ್ ಅನ್ನಲಿಲ್ಲ. "ಹಿಂಡಿ ಕುಟ್ಟಿದವರು ಯಾರ್‍ರಿ?" ಎಂದು ಕೇಳಿದಳು.

"ನಮ್ಮಾಕಿ. ಬಳ್ಳೊಳ್ಳಿ ಜರಾ ಹೆಚ್ಚಿಗಿ ಹಾಕ್ತಾಳ." ಹೇಳಿದ ಮೇಲೆ ಅವರಿಗೇ ಆಶ್ಚರ್ಯವಾಯಿತು. ಬೆಳ್ಳುಳ್ಳಿಯ ರುಚಿ ನಾಲಗೆಗೆ ಗೊತ್ತಾಗಿತ್ತು. ಒಂದು ರೊಟ್ಟಿ ಮುಗಿಸಿ, ಕೈ ಒರೆಸಿಕೊಂಡು, "ಖರೇ ಹೇಳ್ರಿ, ನಿಮಗ ತ್ರಾಸ ಆಗ್ಲಿಲ್ಲೇನು?" ಅಂದರು.

"ಖರೇ ಹೇಳಬೇಕಂದ್ರ ಆ ಹಿಂಡಿ ವಾಸನಿಗಿ ಬಾಯಾಗ ನೀರ ಬಂತ್ರಿ."

ಇಬ್ಬರೂ ನಕ್ಕರು. ಮಚ್ಛೇಂದ್ರರಿಗೆ ಕಣ್ಣು ತುಂಬಿ ಬಂತು, ನಗುವೂ ನಿಲ್ಲಲಿಲ್ಲ. ಅರ್ಧ ಗಂಟೆ ಮಾತಾಡುತ್ತ ಕೂತರು. ಹೊಟ್ಟೆಯಲ್ಲಿ ರೊಟ್ಟಿ ಉಳಿಯಿತು.

ಆ ವರ್ಷ ಮಳೆ ತಡವಾಗಿ ಬಂದರೂ ಜೋರಾಗಿ ಬಂತು. ಹೋದವರಲ್ಲಿ ಕೆಲವರು ಗಂಟು ಹೊತ್ತು ಮರಳಿ ಬಂದರು. ಮಚ್ಛೇಂದ್ರ ಮೈಕಿನಲ್ಲಿ ಬಸ್ಸಿನ ಹೆಸರು ಕೂಗುತ್ತ ಅವರನ್ನು ನೋಡುತ್ತಿದ್ದರು. ವಾಂತಿ ಒಮ್ಮೆಗೇ ನಿಲ್ಲಲಿಲ್ಲ. ನೆಂಟರ ಮನೆಯ ಮದುವೆಯ ನಂತರ ಒಂದು ವಾರ ಮತ್ತೆ ಶುರುವಾಗಿತ್ತು. ನಾಚಿಕೆಯಿಂದ ಗುರುವಾರ ತಪ್ಪಿಸಬೇಕೆಂದಿದ್ದವರು ಹೋಗಿ ಹೇಳಿದರು. ಕುಬರಾ, "ಹೇಳ್ಲಿಕ್ಕ ಬಂದೀರಲ್ಲ, ಅದು ದೊಡ್ಡದು" ಅಂದಳು. ಮುಂದಿನ ವರ್ಷ ಭೇಟಿ ತಿಂಗಳಿಗೊಮ್ಮೆ ಆಯಿತು, ಆಮೇಲೆ ಬೇಕೆನಿಸಿದಾಗ. ಕೊನೆಯ ಸಲ ಹೋದಾಗ ರುಕ್ಮಿಣಿಬಾಯಿಯೂ ಜೊತೆಗಿದ್ದರು. ಈ ಸಲ ಮಚ್ಛೇಂದ್ರರೇ ಕರೆದುಕೊಂಡು ಹೋಗಿದ್ದರು.

ನರಸಿಂಗ ಕಾಕಾ ತೀರಿಹೋಗಿ ಬಹಳ ಕಾಲವಾಗಿದೆ. ಅವನನ್ನು ಮನಸ್ಸಿನಲ್ಲಿ ಕ್ಷಮಿಸಿದಿರಾ ಎಂದು ನಾನು ಒಮ್ಮೆ ಕೇಳಿದೆ. "ಮೇಡಂ ಆ ಕೆಲಸ ನನಗ ಕೊಟ್ಟೇ ಇಲ್ಲರಿ. ಉಣ್ಣೋ ಕೆಲಸ ಕೊಟ್ಟಾರ, ಅದನ್ನ ಮಾಡ್ತೇನಿ" ಅಂದರು. ಕಾಕುವಿನ ಮಾತು ಬಂದಾಗ ಮಾತ್ರ ಅವರ ದನಿ ಮೆತ್ತಗಾಗುತ್ತದೆ.

ಈಗ ಅವರು ನಿವೃತ್ತರು. ವಿಹಾರದ ಊಟಗಳಲ್ಲಿ ಈಗಲೂ ಬಡಿಸುತ್ತಾರೆ, ಕಡೆಯ ಪಂಕ್ತಿಯಲ್ಲಿ ಹುಸೇನನ ಪಕ್ಕ ಕೂರುತ್ತಾರೆ. ಬಹಳ ಜನ ಇದ್ದರೆ ನಿಧಾನವಾಗಿ ಉಣ್ಣುತ್ತಾರೆ, ಕೆಲವು ದಿನ ಅರ್ಧಕ್ಕೇ ಏಳುತ್ತಾರೆ. ಮನೆಯಲ್ಲಿ ಗಂಡ ಹೆಂಡತಿ ಒಂದೇ ಹೊತ್ತಿಗೆ ಅಡುಗೆಮನೆಯಲ್ಲೇ ತಾಟು ಇಟ್ಟುಕೊಳ್ಳುತ್ತಾರೆ.

ಮೊನ್ನೆ ನಾನು ಅವರ ಮನೆಗೆ ಹೋದಾಗ ಒಳಗಿನಿಂದ ಜಗಳದ ಸದ್ದು ಬರುತ್ತಿತ್ತು. ಬ್ಯಾಳಿ ಸಾರಿಗೆ ಉಪ್ಪು ಕಮ್ಮಿಯಾಗಿದೆ, ನಿನ್ನೆಯೂ ಕಮ್ಮಿಯಾಗಿತ್ತು ಎಂದು ಮಚ್ಛೇಂದ್ರ ದೂರುತ್ತಿದ್ದರು. ನನ್ನನ್ನು ಕಂಡು ರುಕ್ಮಿಣಿಬಾಯಿ ಕೈಯಲ್ಲಿದ್ದ ಸೌಟು ತೋರಿಸುತ್ತ ಹೊರಗೆ ಬಂದರು.

"ಕೇಳ್ರಿ ಇವರ ಮಾತು. ಅರ್ಧ ಆಯುಷ್ಯ ಉಪ್ಪಂದಿಲ್ಲ ಖಾರ ಅಂದಿಲ್ಲ ಈ ಮನಶ್ಯಾ. ಈಗ ನೋಡ್ರಿ, ದಿನಾ ಒಂದು ತಕರಾರು." ಅವರ ಮುಖದಲ್ಲಿ ಸಿಟ್ಟಿಗಿಂತ ನಗುವೇ ಹೆಚ್ಚಿತ್ತು. "ಕುಂದರ್‍ರಿ, ನೀವೂ ಉಂಡು ಹೇಳ್ರಿ, ಉಪ್ಪು ಖರೇ ಕಮ್ಮಿ ಅದೇನು?"

ಕೂತೆ. ಕಮ್ಮಿಯೇ ಇತ್ತು.